ಅರವತ್ತೆರಡು ಪೆಟ್ಟು

ಸೇವೆಯೆಂಬುದು ಮನುಷ್ಯನು ಮನುಷ್ಯನಿಗೆ ಸಲ್ಲಿಸಬಹುದಾದ ಅತ್ಯುನ್ನತ ಕಾಣಿಕೆ. ಅದರಲ್ಲಿ ದೇಹ, ಮನಸ್ಸು, ಆತ್ಮ ಮೂರೂ ಬೆಂದು ಪಕ್ವವಾಗುತ್ತವೆ. ಮಳೆಗಾಲದಲ್ಲಿ ಮಾತ್ರ ಯಾವುದೂ ಬೇಯುವುದಿಲ್ಲ, ಏಕೆಂದರೆ ಸೇವೆಯ ಮುಕ್ಕಾಲು ಪಾಲು ಒಣ ಕಟ್ಟಿಗೆ ಹುಡುಕುವುದರಲ್ಲೇ ಮುಗಿದುಹೋಗುತ್ತದೆ.

ಎಂಬತ್ತರ ದಶಕದ ಮಾತು. ನಾನೂ ನನ್ನ ಹೆಂಡತಿಯೂ ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಒಂದು ಊರಿನಲ್ಲಿ ‘ಹಿರಿಯ ಸೇವಕ ದಂಪತಿ’ಯಾಗಿದ್ದೆವು. ನಿವೃತ್ತಿಯಾದ ಮೇಲೂ ಮನೆಯಲ್ಲಿ ಸುಮ್ಮನೆ ಕೂಡಲು ಬಾರದ ಕ್ರೈಸ್ತ ಗಂಡ-ಹೆಂಡಿರಿಗೆ ನಮ್ಮ ಸಭೆಯವರು ಕೊಡುತ್ತಿದ್ದ ಹುದ್ದೆ ಇದು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ, ಆ ದಿನ ದಿನ್ನೆ ಹತ್ತಿದವರಲ್ಲಿ ಯಾರು ಎರಡನೆಯವರು ಯಾರು ಮೂರನೆಯವರು ಎಂದು ಅಲ್ಲಿ ಈಗಲೂ ಜಗಳವಾಗುತ್ತದೆ.

ನನಗೆ ಆಗ ಅರವತ್ತಾರು, ಅವಳಿಗೆ ಅರವತ್ತೆರಡು. ಪ್ರಾರ್ಥನೆ, ಪಾಠ ಮತ್ತು ದಾಖಲೆ ನನ್ನ ಕೆಲಸ, ಉಳಿದದ್ದೆಲ್ಲ ಅವಳದು. ಅಂದರೆ ಜ್ವರ, ಗಾಯ, ಹೆರಿಗೆ, ಬಾವಿಗೆ ಪುಡಿ ಹಾಕುವುದು, ಮತ್ತು ನಾನು. ಊರವರು ನನ್ನನ್ನು ಪಾದ್ರಿ ಸಾಹೇಬ ಎನ್ನುತ್ತಿದ್ದರು, ನಾನು ಪಾದ್ರಿಯಲ್ಲ. ಅವಳನ್ನು ಡಾಕ್ಟರ್‌ಬಾಯಿ ಎನ್ನುತ್ತಿದ್ದರು, ಅವಳು ನರ್ಸು. ತಿದ್ದಲು ಹೋಗಿ ಮೊದಲ ವರ್ಷ ಕಳೆಯಿತು. ಎರಡನೆಯ ವರ್ಷದಿಂದ ಇಬ್ಬರೂ ಬಡ್ತಿ ಒಪ್ಪಿಕೊಂಡೆವು.

ಊರಿಗೆ ಮೂರು ಮಜಲು. ಎಲ್ಲಕ್ಕಿಂತ ಮೇಲೆ ಮೊರಂ ಮಣ್ಣಿನ ದಿನ್ನೆ. ಅದರ ಮೇಲೆ ನಮ್ಮ ಪುಟ್ಟ ಚರ್ಚು, ಎರಡು ಕೋಣೆಯ ದವಾಖಾನೆ, ಹಿಂದೆ ಸ್ಮಶಾನ. ನಡುವೆ ಗೌಡರ ಮತ್ತು ವ್ಯಾಪಾರಸ್ಥರ ಕಲ್ಲಿನ ಮನೆಗಳು. ಕೆಳಗೆ, ಹೊಳೆಗೆ ಹಳ್ಳ ಬಂದು ಕೂಡುವ ಮೂಲೆಯಲ್ಲಿ, ಅಂಬಿಗರೂ ಕೂಲಿಯವರೂ ಇರುವ ಕೆಳಗಿನ ಓಣಿ. ಮೂವತ್ತೆರಡು ಮನೆ, ಎಲ್ಲವೂ ಮಣ್ಣಿನ ಗೋಡೆ.

ಆ ಓಣಿಗೆ ಹಿರಿಯಳು ಒಬ್ಬ ಸೂಲಗಿತ್ತಿ ಅಜ್ಜಿ. ನನ್ನ ಹೆಂಡತಿ ಬರುವ ಮುಂಚೆ ಊರಿನ ಬಾಣಂತನವೆಲ್ಲ ಅವಳದೇ. ಹೊಕ್ಕಳುಬಳ್ಳಿಯನ್ನು ಕುಡುಗೋಲಿನಿಂದ ಕೊಯ್ಯಬೇಕೋ ಕುದಿಸಿದ ಕತ್ತರಿಯಿಂದಲೋ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು, ಇಬ್ಬರ ನಡುವೆ ಮೂರು ವರ್ಷದಿಂದ ಮಾತು ನಿಂತಿತ್ತು. ಅಜ್ಜಿಯ ಮಗ ಹೊಳೆ ದಾಟಿಸುವ ಅಂಬಿಗ. ಅವನಿಗೆ ದೋಣಿ ಇರಲಿಲ್ಲ. ಬೆಲ್ಲ ಕಾಯಿಸುವ ಕಬ್ಬಿಣದ ದೊಡ್ಡ ಕೊಪ್ಪರಿಗೆಯಲ್ಲಿ ಜನರನ್ನು ಕೂಡಿಸಿ ಆಚೆ ದಡಕ್ಕೆ ಒಯ್ಯುತ್ತಿದ್ದ. ಕೊಪ್ಪರಿಗೆ ನೀರಿನ ಮೇಲೆ ಗಿರಗಿರ ತಿರುಗುತ್ತದೆ, ಆದರೆ ಮುಳುಗುವುದಿಲ್ಲ. ಅಂಬಿಗನ ನಾಲಿಗೆಯೂ ಹಾಗೆಯೇ.

ಆ ಸೋಮವಾರ ನಾವು ಮಾದನಹಿಪ್ಪರಗಾದಿಂದ ಆಳಂದದ ಮೇಲೆ ಹಾಯ್ದು ಎರಡು ಡಬ್ಬಿ ಬ್ಲೀಚಿಂಗ್ ಪೌಡರಿನೊಂದಿಗೆ ಊರಿಗೆ ಮರಳಿದಾಗ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಮರುದಿನ ಜೇವರ್ಗಿ ಕಡೆ ಅಂದೋಲಾಕ್ಕೆ ಹೋಗುವುದಿತ್ತು. ಆ ರಸ್ತೆ ಹಳ್ಳದಲ್ಲಿ ಕೊಚ್ಚಿ ಹೋಗಿದೆ ಎಂದು ಕಂಡಕ್ಟರ್ ಹೇಳಿದ. ಇಲ್ಲೇ ಉಳಿದೆವು. ಹೊಳೆಯ ಬಣ್ಣ ಚಹಾದಂತಾಗಿತ್ತು.

ನಾನು ಹಿಂದೆ ಗಣಿತ ಕಲಿಸಿದವನು; ಅಳೆಯದೆ ಹೆದರುವುದು ನನ್ನ ಜಾಯಮಾನವಲ್ಲ. ಎಂಟಡಿ ಬಿದಿರಿನ ಕೋಲಿಗೆ ಅರ್ಧ ಅಡಿಗೊಂದರಂತೆ ಕೆಂಪು ಗೆರೆ ಬಳಿದು, ಹೊಳೆಗಿಳಿಯುವ ಕಲ್ಲುಮೆಟ್ಟಿಲ ಘಟ್ಟದ ಪಕ್ಕ, ರೇವಿನ ಕೆಸರುಮಣ್ಣಿನಲ್ಲಿ ನೆಟ್ಟೆ. ಎರಡು ತಾಸಿಗೊಮ್ಮೆ ಹೋಗಿ ನೀರು ಎಷ್ಟನೆಯ ಗೆರೆಗೆ ಬಂದಿದೆಯೆಂದು ನೋಡಿ ಬರೆದುಕೊಳ್ಳುವುದು. ಬೇರೆ ಪುಸ್ತಕವಿಲ್ಲದ ಕಾರಣ ಹಳೆಯ ಹಾಜರಿ ಪುಸ್ತಕದಲ್ಲಿ ಬರೆದೆ. ಅದರ ಪ್ರಕಾರ ಭೀಮೆ ಆ ವಾರ ಒಂದು ದಿನವೂ ಗೈರುಹಾಜರಾಗಲಿಲ್ಲ. ಹನ್ನೆರಡನೆಯ ಗೆರೆ ಮುಟ್ಟಿದರೆ ಕೆಳಗಿನ ಓಣಿ ಖಾಲಿ ಮಾಡಿಸುವುದೆಂದು ನಿರ್ಧರಿಸಿ, ಆ ನಿರ್ಧಾರವನ್ನೂ ಬರೆದು, ಕೆಳಗೆ ಸಹಿ ಮಾಡಿದೆ.

ಮಂಗಳವಾರ ಹತ್ತು ಗಂಟೆಗೆ ಒಂಬತ್ತನೆಯ ಗೆರೆ. ಹನ್ನೆರಡಕ್ಕೆ ಹತ್ತು. ಮಧ್ಯಾಹ್ನ ಎರಡಕ್ಕೆ ಹನ್ನೆರಡು. ಓಡಿಬಂದು ಓಣಿಯ ತುದಿಯಲ್ಲಿ ನಿಂತು ಕೂಗಿದೆ. ಜನ ನಂಬಿದರು. ಬೀಸುಕಲ್ಲು, ಜೋಳದ ಚೀಲ, ಆಡು, ಮುದುಕರು ಎಲ್ಲವನ್ನೂ ಹೊತ್ತು ಸಂಜೆಯೊಳಗೆ ದಿನ್ನೆ ಹತ್ತಿದರು. ಚರ್ಚಿನ ಬೆಂಚುಗಳನ್ನು ಗೋಡೆಗೆ ಸರಿಸಿ ನೂರಕ್ಕೂ ಹೆಚ್ಚು ಜನರನ್ನು ಮಲಗಿಸಿದೆವು. ದೇವರ ಸಾಕ್ಷಿಯಾಗಿ ಹೇಳುತ್ತೇನೆ, ಆ ಸಂಜೆ ನಾನು ನನ್ನ ಬಗ್ಗೆ ಬಹಳ ಸಂತೋಷಪಟ್ಟಿದ್ದೆ.

ಬುಧವಾರ ಬೆಳಿಗ್ಗೆ ಅಂಬಿಗ ಹೊಳೆಗೆ ಹೋಗಿ ಬಂದ. ಎಲ್ಲರೂ ಕೇಳುವಂತೆ ಚರ್ಚಿನ ಬಾಗಿಲಲ್ಲಿ ನಿಂತು ವರದಿ ಒಪ್ಪಿಸಿದ.

“ಪಾದ್ರಿ ಸಾಹೇಬ್ರ, ಹೊಳಿ ಏರಿಲ್ರಿ. ನಿಮ್ಮ ಕೋಲು ಇಳದಾದ.”

ಹೋಗಿ ನೋಡಿದೆ. ನಿಜ. ಮೆತ್ತನೆಯ ರೇವಿನಲ್ಲಿ ಕೋಲು ತನ್ನ ಪಾಡಿಗೆ ಕೆಳಗಿಳಿದಿತ್ತು. ಒಂದು ಕೈಯಿಂದ ಒತ್ತಿದರೆ ಇನ್ನೂ ಒಂದು ಗೆರೆ ಇಳಿಯಿತು. ನೀರು ಇದ್ದಲ್ಲೇ ಇತ್ತು. ಮೂವತ್ತು ವರ್ಷ ಮಕ್ಕಳಿಗೆ ‘ಅಳತೆಗೋಲು ಮೊದಲು ಸ್ಥಿರವಾಗಿರಬೇಕು’ ಎಂದು ಬೆತ್ತ ಹಿಡಿದು ಕಲಿಸಿದವನು ನಾನೇ.

ಜನ ಇಳಿದು ಹೋದರು. ಹೋಗಿ ನೋಡಿದರೆ, ಬಾಗಿಲು ಕಾಯುವವರಿಲ್ಲದ ಓಣಿಯಲ್ಲಿ ಯಾರೋ ಕೈಯಾಡಿಸಿದ್ದರು. ಹನ್ನೊಂದು ಕೋಳಿ, ಎರಡು ತಾಮ್ರದ ಕೊಡ ಇರಲಿಲ್ಲ. ಸೂಲಗಿತ್ತಿ ಅಜ್ಜಿ ದಿನ್ನೆಯ ಕಡೆ ಮುಖ ಮಾಡಿ ನಿಂತು, ಯಾರ ಹೆಸರೂ ಹಿಡಿಯದೆ ಒಂದು ಮಾತು ಹೇಳಿದಳು: “ಹೊಳಿ ಹೊಲ ತಿಂತದ, ಮನಿ ತಿಂತದ. ಕೋಳಿ ತಿಂದಿದ್ದು ನಾ ಕಂಡಿಲ್ಲ ಬಿಡು.”

ಅದೇ ಮಧ್ಯಾಹ್ನ ಬಸ್ಸಿನಲ್ಲಿ ನಗರದಿಂದ ನಮ್ಮ ಮೇಲ್ವಿಚಾರಕರ ಚೀಟಿ ಬಂತು. ‘ವಯೋವೃದ್ಧರಾದ ತಾವು ಪ್ರವಾಹದ ಸಂಭವವಿರುವಲ್ಲಿ ಇರುವುದು ಉಚಿತವಲ್ಲ. ಇದೇ ಬಸ್ಸಿಗೆ ಹೊರಟು ಬರತಕ್ಕದ್ದು.’

ಹೆಂಡತಿ ಕತ್ತರಿ ಕುದಿಸುತ್ತಿದ್ದಳು. ಓದಿ ಹೇಳಿದೆ.

“ವಯೋವೃದ್ಧರು ಅಂದ್ರ ಯಾರ್ರೀ?”

“ನಾನೇ ಇರಬೇಕು.”

“ಹಂಗಾದ್ರ ನೀವು ಹೋಗ್ರಿ. ಹೋಗೂ ಮುಂದ ಆ ಕಟ್ಟಿಗಿ ಒಂದೀಟ ಒಳಗ ಹಾಕಿ ಹೋಗ್ರಿ.”

ಕಟ್ಟಿಗೆ ಒಳಗೆ ಹಾಕಿದೆ. ಆಮೇಲೆ ಕುಳಿತು ಉತ್ತರ ಬರೆದೆ: ‘ತಮ್ಮ ಕಾಳಜಿಗೆ ಕೃತಜ್ಞರು. ಬಸ್ಸಿನ ಸಂಚಾರ ಅನಿಶ್ಚಿತವಾಗಿರುವುದರಿಂದ ಹೊರಡಲು ಅನಾನುಕೂಲವಾಗಿದೆ.’ ಉತ್ತರವನ್ನು ಅದೇ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದೆ. ಆ ವಾರದ ಮೊದಲ ಸುಳ್ಳು ಅದು. ಅಭ್ಯಾಸಕ್ಕೆ ಒಳ್ಳೆಯದಾಯಿತು.

ಗುರುವಾರ ಹೊಸ ಅಳತೆ. ಈ ಸಲ ಘಟ್ಟದ ಕಲ್ಲಿನ ಸಂದಿಯಲ್ಲಿ ಕಬ್ಬಿಣದ ಹಾರೆ ಹೊಡೆದು ನಿಲ್ಲಿಸಿ, ಎರಡೂ ಕೈಯಿಂದ ಜೋತುಬಿದ್ದು ಪರೀಕ್ಷಿಸಿದೆ. ಅಲುಗಲಿಲ್ಲ. ನೀರು ಈಗ ನಿಜವಾಗಿ ಏರುತ್ತಿತ್ತು, ಎರಡು ತಾಸಿಗೆ ಅರ್ಧ ಅಡಿ. ಸಂಜೆಗೆ ಊರಿನ ಲೆಕ್ಕ ಬರೆಯುವ ತಲಾಟಿಯ ಕಡೆಯಿಂದ ಡಂಗುರದವನು ಬಂದು, ಮಹಾರಾಷ್ಟ್ರದ ಕಡೆ ಆಣೆಕಟ್ಟಿನಿಂದ ನೀರು ಬಿಡಲಿದ್ದಾರೆ, ಕೆಳಗಿನ ಓಣಿಯವರು ಏಳಬೇಕು ಎಂದು ಹಲಗೆ ಬಾರಿಸಿ ಹೋದ. ಮಕ್ಕಳು ಹಲಗೆಗೆ ಕುಣಿದವು. ದೊಡ್ಡವರು ಏಳಲಿಲ್ಲ.

ಮನೆಮನೆಗೆ ಹೋದೆ. ಮೊದಲ ಬಾಗಿಲಲ್ಲೇ ಅಂಬಿಗ ಕೊಪ್ಪರಿಗೆಗೆ ಎಣ್ಣೆ ಸವರುತ್ತ ಕುಳಿತಿದ್ದ.

“ಬರ್ರಿ ಬರ್ರಿ. ಈ ಸಲದ್ದು ಜಾಣ ಕೋಲೇನ್ರೀ?”

“ಕಬ್ಬಿಣದ್ದು. ಕಲ್ಲಿನಾಗ ಹೊಡದೀನಿ.”

“ಹಂಗಾದ್ರ ಕಲ್ಲು ಇಳದಿರಬೇಕು ನೋಡ್ರಿ.”

ಎರಡನೆಯ ಬಾಗಿಲಲ್ಲಿ ಒಬ್ಬಳು ಕೇಳಿದಳು, “ಉಳದ ಎರಡ ಕೋಳೀನೂ ಬೇಕೇನ್ರೀ ಕಳ್ಳರಿಗಿ?” ಮೂರನೆಯ ಬಾಗಿಲು ನಾನು ಬರುವುದನ್ನು ನೋಡಿ ಹಾಕಿಕೊಂಡಿತು. ಹೆಂಡತಿ ಹೋದಳು. ಅವಳಿಗೆ ಚಹಾ ಕೊಟ್ಟರು, ಕಾಲಿಗೆ ನೀರು ಕೊಟ್ಟರು, ಒಂದು ಕೂಸಿನ ಕಿವಿ ತೋರಿಸಿ ಔಷಧ ಕೇಳಿದರು. ಮೇಲೆ ಬರ್ರಿ ಎಂದರೆ ಮಾತ್ರ ಒಂದೇ ಉತ್ತರ: “ಬಾಯಿ, ನೀವು ಸುಳ್ಳ ಹೇಳೂ ಪೈಕಿ ಅಲ್ಲ ಖರೆ. ಆದ್ರ ಪಾದ್ರಿ ಮಾತ ಕೇಳಿ ಹೇಳಾಕತ್ತೀರಲ್ರಿ.”

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ತಲಾಟಿ ಸೈಕಲ್ ತಳ್ಳಿಕೊಂಡು ದಿನ್ನೆಯ ಮೇಲೆ ಬಂದರು. ಸೈಕಲ್ಲಿಗೆ ದಫ್ತರದ ಗಂಟು ಕಟ್ಟಿತ್ತು. ಬಿಟ್ಟ ನೀರು ಮಧ್ಯಾಹ್ನದ ಹೊತ್ತಿಗೆ ಇಲ್ಲಿಗೆ ಮುಟ್ಟುತ್ತದೆ, ನಿನ್ನೆಯದಕ್ಕಿಂತ ಒಂದು ಆಳೆತ್ತರ ಹೆಚ್ಚು ಎಂದರು. “ಓಣಿಯೋರಿಗಿ ಹೇಳೀನ್ರಿ, ಕೇಳ್ವಲ್ರು. ಇನ್ನ ನೀವು ನೋಡ್ಕೋರಿ,” ಎಂದು ಅಫಜಲಪುರದ ದಾರಿ ಹಿಡಿದರು. ಹೀಗೆ ಸರ್ಕಾರವು ತನ್ನ ಅಧಿಕಾರವನ್ನು ವಿಧಿವತ್ತಾಗಿ ನನಗೆ ಹಸ್ತಾಂತರಿಸಿತು.

ಕೆಳಗೆ ಮೂವತ್ತೆರಡು ಮನೆ. ಮಕ್ಕಳು, ಹಾಸಿಗೆ ಹಿಡಿದವರು, ತುಂಬು ಬಸುರಿಯರಿಬ್ಬರು. ನಾಲ್ಕು ತಾಸು. ನಾನು ದವಾಖಾನೆಯ ಮೆಟ್ಟಿಲ ಮೇಲೆ ಕುಳಿತೆ. ಹೆಂಡತಿ ಒಳಗಿನಿಂದ ಬಂದು ಚರ್ಚಿನ ಗಂಟೆಯ ಕಂಬದ ಕಡೆ ನೋಡಿದಳು.

ಗಂಟೆಯ ಪದ್ಧತಿ ಇಲ್ಲಿ ಹೇಳಬೇಕು. ಭಾನುವಾರ ಅದನ್ನು ಅವಸರವಾಗಿ ಬಾರಿಸುತ್ತಾರೆ. ಸಭೆಯವರಲ್ಲಿ ಯಾರಾದರೂ ತೀರಿಕೊಂಡರೆ ಸಾವಕಾಶವಾಗಿ, ವಯಸ್ಸಿನ ವರ್ಷಕ್ಕೊಂದು ಪೆಟ್ಟು. ಊರೆಲ್ಲ ಜಾತಿಭೇದವಿಲ್ಲದೆ ಎಣಿಸುತ್ತದೆ. ಮೂವತ್ತು ದಾಟಿದ ಮೇಲೆ ಊಹೆ ಶುರುವಾಗುತ್ತದೆ. ಮತ್ತು ಆ ಕಡೆಯ ಜನ ಯಾವ ಕರೆಗೆ ಬಾರದಿದ್ದರೂ ಮಣ್ಣಿಗೆ ಬರುತ್ತಾರೆ. ಲಿಂಗಾಯತರೋ, ಅಂಬಿಗರೋ, ನಾವೋ, ಎಲ್ಲರೂ ಹೂಳುವವರೇ ಆದ್ದರಿಂದ ಆ ವಿಷಯದಲ್ಲಿ ಊರು ಒಂದೇ ಮನೆ. ಕೋರ್ಟಿನಲ್ಲಿ ಬಡಿದಾಡುವ ಅಣ್ಣತಮ್ಮಂದಿರೂ ಮಣ್ಣಿನ ಹೊತ್ತಿಗೆ ಒಂದೇ ಗುದ್ದಲಿ ಹಿಡಿಯುತ್ತಾರೆ.

“ಗಂಟಿ ಬಾರಸ್ರಿ,” ಎಂದಳು.

ಅರ್ಥವಾಗಲು ಕ್ಷಣ ಹಿಡಿಯಿತು. “ಅರವತ್ತಾರು?”

“ಅರವತ್ತಾರಕ್ಕ ಯಾರ ಬರ್ತಾರ? ಕೋಳಿ ಕಳಕೊಂಡವ್ರು ಬಂದು ಖರೇನ ಸತ್ತಾನೇನಂತ ನೋಡಿ ಹೋಗ್ತಾರ. ನಂದು ಬಾರಸ್ರಿ.”

ನಾನು ಒಪ್ಪಲಿಲ್ಲ. ನನ್ನ ಸಾವಿನ ಬಗ್ಗೆ ಎಷ್ಟು ಸುಳ್ಳು ಬೇಕಾದರೂ ಬಾರಿಸುತ್ತಿದ್ದೆ. ಅವಳದನ್ನು ಬಾರಿಸಲು ಮಾತ್ರ ನನ್ನಿಂದಾಗದು. ಅದನ್ನು ಹೇಳಲು ನಾಚಿಕೆಯಾಗಿ ಧರ್ಮಶಾಸ್ತ್ರ ಎತ್ತಿದೆ. “ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು ಅಂತ ಆಜ್ಞೆ ಅದ.”

“ನಾ ನಿಮ್ಮ ನೆರೆಯಾಕಿ ಅಲ್ಲ, ಹೇಣ್ತಿ.”

“ಮೂರು ವರ್ಷ ಇವರೆದುರು ಒಂದು ಸುಳ್ಳು ಆಡಿಲ್ಲ. ಇದಾದ ಮೇಲೆ ನಮ್ಮ ಮಾತು ಯಾರು ನಂಬ್ತಾರ?”

“ಈಗ ಯಾರ ನಂಬ್ಯಾರ?” ಎಂದಳು. “ಆ ಓಣ್ಯಾಗ ನನ್ನ ಕೈಯಾಗ ಹುಟ್ಟಿದ ಕೂಸು ಹತ್ತೊಂಬತ್ತು ಅದಾವ. ಹೆರಿಗಿ ಮಾಡಿಸಿದಾಕಿ ಸತ್ರ ಅಕಿ ಕೈಯಾಗಿನ ಮಕ್ಕಳು ಒಂದೊಂದು ಮುಟಿಗಿ ಮಣ್ಣ ಹಾಕಬೇಕಂತ ಇಲ್ಲಿ ರೂಢಿ. ನಿಮ್ಮ ಸಾವಿಗೆ ಗಂಡಸರು ಬರ್ತಾರ. ನನ್ನ ಸಾವಿಗೆ ಕೂಸುಗೋಳು ಬರ್ತಾವ. ಏಳ್ರಿ.”

ಎದ್ದೆ. ಅವಳ ವಯಸ್ಸು ಓಣಿಗೆಲ್ಲ ಗೊತ್ತಿತ್ತು. ‘ನನಗೀಗ ವಯಸ್ಸಾತು, ಏನ್ ಕಲೀಲಿ’ ಎಂದ ಪ್ರತಿಯೊಬ್ಬ ಹೆಂಗಸಿಗೂ ಅವಳು ‘ನನಗ ಅರವತ್ತೆರಡು, ಹ್ವಾದ ವರ್ಷ ಸೈಕಲ್ ಕಲ್ತೇನಿ’ ಎಂದು ಹೇಳುತ್ತಿದ್ದಳು.

ಹಗ್ಗ ನೆನೆದು ಭಾರವಾಗಿತ್ತು. ಮೊದಲ ಹತ್ತು ಪೆಟ್ಟು ಬೇಗ ಬಿದ್ದವು. ಅವಳು ಪಕ್ಕದಲ್ಲಿ ಕೊಡೆ ಹಿಡಿದು ನಿಂತು, “ಸಾವಕಾಶ. ಅವಸರದಾಗ ಸತ್ತಂಗ ಕೇಳಸ್ತದ,” ಎಂದಳು. ಸಾವಕಾಶ ಮಾಡಿದೆ. ಹತ್ತೊಂಬತ್ತಕ್ಕೆ ನಮ್ಮ ಮದುವೆಯಾಗಿತ್ತು. ಇಪ್ಪತ್ತಮೂರಕ್ಕೆ ಒಂದು ಕೂಸು ಹೋಗಿತ್ತು. ಮೂವತ್ತು ದಾಟಿತು, ನಲವತ್ತು ದಾಟಿತು. ಕೆಳಗೆ ಬಾಗಿಲುಗಳು ತೆರೆಯುವುದು ಕಾಣುತ್ತಿತ್ತು. ಐವತ್ತೆಂಟಕ್ಕೆ ಜನ ಅಂಗಳದಲ್ಲಿ ನಿಂತಿದ್ದರು. ಅರವತ್ತೆರಡನೆಯದನ್ನು ಹೊಡೆದು ಹಗ್ಗ ಹಿಡಿದೇ ನಿಂತೆ. ಇನ್ನೊಂದು ಹೊಡೆಯಬೇಕೆಂದು ಕೈ ಬಹಳ ಆಸೆಪಟ್ಟಿತು.

“ಬಿಡ್ರಿ. ಸತ್ತೆ,” ಎಂದು ಅವಳು ಹಗ್ಗ ಬಿಡಿಸಿದಳು.

ಕೆಳಗಿನ ಓಣಿಯಿಂದ ಅಳು ಎದ್ದಿತು.

ಎಲ್ಲರಿಗಿಂತ ಮೊದಲು ಬಂದವಳು ಸೂಲಗಿತ್ತಿ ಅಜ್ಜಿ. ತಲೆಯ ಮೇಲೆ ಗೋಣಿ ಕೊಪ್ಪೆ. ಕೈಯಲ್ಲಿ ಮುತ್ತೈದೆ ಸಾವಿಗೆ ಒಯ್ಯುವ ಹಸಿರು ಖಣ, ಕುಂಕುಮದ ಪೊಟ್ಟಣ. ನನ್ನನ್ನು ದಾಟಿ ಹೋಗುತ್ತ, “ಎಲ್ಲಿ ಇಟ್ಟೀರಿ?” ಎಂದಳು. ಅವಳ ಗಲ್ಲ ನೆನೆದಿತ್ತು, ಮಳೆಯೂ ಇತ್ತು.

“ಇಲ್ಲೇ ಅದೀನಿ,” ಎಂದಳು ನನ್ನ ಹೆಂಡತಿ, ಬಾಗಿಲಲ್ಲಿ.

ಅಜ್ಜಿ ನಿಂತಳು. ಮೂರು ವರ್ಷದಲ್ಲಿ ಇಬ್ಬರ ನಡುವೆ ಆಡಿದ ಮೊದಲ ಮಾತು ಇದು.

“ಸತ್ತೀ ಅಂತ ಬಂದೆ ಬೇ.”

“ನೀ ಬರಲಿ ಅಂತನ ಸತ್ತೆ.”

ಅಷ್ಟರಲ್ಲಿ ದಿನ್ನೆ ತುಂಬಿತು. ಕಂಕುಳಲ್ಲಿ ಕೂಸು, ಕೈಯಲ್ಲಿ ಕೂಸು, ಬೆನ್ನ ಮೇಲೆ ಮುದುಕ. ಬಸುರಿಯರೂ ಬಂದರು. ಹಾಸಿಗೆ ಹಿಡಿದವರನ್ನು ಹೊರಸಿನ ಸಮೇತ ಹೊತ್ತು ತಂದರು; ಸಾವಿಗೆ ಹೋಗುವುದರಲ್ಲಿ ಮುದುಕರಿಗೆ ಇರುವ ಆಸಕ್ತಿ ದೊಡ್ಡದು. ಬಂದವರು ಸತ್ತವಳು ಬಾಗಿಲಲ್ಲಿ ನಿಂತದ್ದನ್ನು ನೋಡಿ ಸಾಲಾಗಿ ಸುಮ್ಮನಾದರು. ಆಮೇಲೆ ಯಾರೂ ಸುಮ್ಮನಿರಲಿಲ್ಲ. ನಾನು ಒಂದು ಪುಟ್ಟ ಭಾಷಣ ಸಿದ್ಧಮಾಡಿಕೊಂಡಿದ್ದೆ. ‘ಪ್ರಿಯರೇ’ ಎಂಬುದರ ಮುಂದೆ ಹೋಗಲಾಗಲಿಲ್ಲ.

ಅಂಬಿಗ ಮುಂದೆ ಬಂದ. ಅವನ ಕಣ್ಣುಗಳು ನಿಜವಾಗಿ ಕೆಂಪಾಗಿದ್ದವು. “ಅಳಕೋತ ಬಂದೀನ್ರಿ ನಾ. ಮಂದಿ ಅಳೂನ ಆಟ ಮಾಡ್ಕೊಂಡೀರೇನು? ಕೋಲಿಂದು ಆತು, ಈಗ ಹೇಣ್ತೀದು? ನಾಳಿ ದೇವರು ಸತ್ತಾನಂತ ಬಾರಸ್ತೀರಿ! ನಡೀರಲೇ, ನಡೀರಿ ಮನಿಗಿ.”

“ಮಧ್ಯಾಹ್ನ ನೀರು ಬರ್ತದ,” ಎಂದೆ.

“ಬರಲಿ. ನಿಮ್ಮಕಿಂತ ಖರೆ ಮಾತ ಆಡ್ತದ ಅದು.”

ಜನ ತಿರುಗಿದರು. ಆಗ ಸೂಲಗಿತ್ತಿ ದಿನ್ನೆಯ ಕಾಲುದಾರಿಗೆ ಅಡ್ಡಲಾಗಿ, ಮಳೆಯಲ್ಲೇ, ಕಾಲು ಚಾಚಿ ಕುಳಿತಳು.

“ಎಲ್ಲಿಗಿ ಹೊಂಟ್ರಿ?”

“ಮನಿಗಿ, ಎವ್ವಾ.”

“ಮಣ್ಣಿಗಿ ಅಂತ ಹೊಸ್ತಿಲ ದಾಟಿ ಬಂದೀರಿ. ಮಣ್ಣ ಕೊಡಲಾರದ ತಿರಗಿ ಒಳಗ ಕಾಲಿಟ್ರ ಆ ಹೊಸ್ತಿಲ ಒಂದು ಹೆಣ ಕೇಳ್ತದ. ಯಾರ ಮನೀದು ಕೊಡ್ತೀರಿ ಹೇಳ್ರಿ. ನಿಂದು ಕೊಡ್ತೀಯೇನಲೇ?”

ಮೂವತ್ತೆರಡು ಮನೆಯವರಲ್ಲಿ ಯಾರೂ ಕೊಡಲು ಮುಂದಾಗಲಿಲ್ಲ. ಆ ಶಾಸ್ತ್ರ ಮೊದಲಿನಿಂದ ಇದ್ದದ್ದೋ, ಅಜ್ಜಿ ಆಗಲೇ ಅಲ್ಲೇ ಹೆತ್ತದ್ದೋ, ಇಂದಿಗೂ ನನಗೆ ತಿಳಿಯದು. ಕೇಳುವ ಧೈರ್ಯವೂ ಆಗಲಿಲ್ಲ. ಹುಟ್ಟಿನ ವಿಷಯದಲ್ಲಿ ಅರವತ್ತು ವರ್ಷ ಅವಳ ಮಾತೇ ಕೊನೆಯದಾಗಿದ್ದ ಊರಿನಲ್ಲಿ, ಸಾವಿನ ವಿಷಯದಲ್ಲೂ ಯಾರೂ ಎದುರಾಡಲಿಲ್ಲ.

“ಹಂಗಾದ್ರ ಬದಕಿದ ಬಾಯೀನ ಹುಗೀಬೇಕೇನು?” ಎಂದ ಮಗ.

“ಅಕೀದು ಏನರೆ ಹುಗೀರಿ. ನಮ್ಮ ಮನೀಗಿ ಹೊತ್ಕೊಂಡು ಬಂದಿದ್ದು.”

ಹೆರಿಗೆಗೆ ಒಯ್ಯುವ ಚರ್ಮದ ಚೀಲವೇ ಆಗಬೇಕೆಂದು ತೀರ್ಮಾನವಾಯಿತು. ಹೆಂಡತಿ ಒಳಗೆ ಹೋಗಿ ಕತ್ತರಿ, ಚಿಮಟ, ದಾರ, ಸಾಬೂನು ಎಲ್ಲ ತೆಗೆದಿಟ್ಟು, ಹಿಡಿಕೆ ಹರಿದ ಖಾಲಿ ಚೀಲ ತಂದಳು. ನಾನು ಚರ್ಚಿನ ಹಿರಿಯನ ಗಾಂಭೀರ್ಯ ಧರಿಸಿ ಘೋಷಿಸಿದೆ: “ನಮ್ಮ ಕಟ್ಟಳೆಯ ಪ್ರಕಾರ ಕುಣಿ ಆರು ಅಡಿ.”

“ಒಂದು ಚೀಲಕ್ಕ ಆರಡಿ ಯಾಕ್ರೀ?”

“ಚೀಲಕ್ಕಲ್ಲಪ್ಪ. ಸಾವಿಗೆ.”

ಅಂಬಿಗ ಕಾಲುದಾರಿಯನ್ನೂ ತಾಯಿಯನ್ನೂ ಬಳಸಿಕೊಂಡು ಇಳಿದು ಹೋದ. “ಆ ಹೊಸ್ತಿಲಿಗಿ ನನ್ನ ಹೆಣನ ಕೊಡ್ತೀನಿ, ತಗೊಳ್ಳಲಿ. ನನ್ನ ಕೊಪ್ಪರಗಿ ನಾ ಬಿಡಂಗಿಲ್ಲ,” 
ಎಂದು ಕೆಳಗಿನಿಂದ ಕೂಗಿದ. ಅಜ್ಜಿ ಅವನ ಬೆನ್ನು ನೋಡಿದಳು. ಎದ್ದು ಹೋಗಲಿಲ್ಲ. ಎದ್ದರೆ ಇಡೀ ಓಣಿ ಏಳುತ್ತಿತ್ತು.

ಅಗೆತ ಶುರುವಾಯಿತು. ಗುದ್ದಲಿ, ಹಾರೆ, ಸಲಿಕೆ. ನಾಲ್ವರ ತಂಡ, ಅರ್ಧ ತಾಸಿಗೊಮ್ಮೆ ಬದಲಿ. ಮೊರಂ ಗಟ್ಟಿ, ಹಾರೆ ಹೊಡೆದರೆ ಬೊಗಸೆ ಮಣ್ಣು ಏಳುತ್ತದೆ. ಮಳೆ ಕುಣಿ ತುಂಬಿಸುತ್ತಿತ್ತು, ಡಬ್ಬಿಯಿಂದ ನೀರು ಎತ್ತಿ ಚೆಲ್ಲಬೇಕು. ಎರಡೂವರೆ ಅಡಿಗೆ ಬಂಡೆ ಸಿಕ್ಕಿತು. ಒಂದು ಪಕ್ಕಕ್ಕೆ ಸರಿದು ಅಗೆದರೆ ಆಗುತ್ತಿತ್ತು. “ಬಂಡೆಯ ಮೇಲೆ ಹೂಳುವ ಹಾಗಿಲ್ಲ. ಹೊಸ ಕುಣಿ,” ಎಂದೆ. ಜನ ನನ್ನ ವಂಶವನ್ನು ಸ್ಮರಿಸಿದರು. ನಾನು ವಿಚಲಿತನಾಗಲಿಲ್ಲ. ಆಳ ನೋಡಲು ಬಿದಿರಿನ ಕೋಲು ಇಳಿಸಿದಾಗಲಂತೂ ಕುಣಿಯೊಳಗಿನವರು ಗುದ್ದಲಿ ಕೆಳಗಿಟ್ಟು ನಕ್ಕರು: “ಹುಷಾರ್ರೀ, ಇಲ್ಲೂ ಇಳೀತದ ಅದು!”

ಚರ್ಚಿನೊಳಗೆ ಇನ್ನೊಂದು ವ್ಯವಹಾರ. ಮಣ್ಣು ಹಾಕಬೇಕಾದ ಮಕ್ಕಳನ್ನು ಹೆಂಡತಿ, ಕಂಕುಳ ಕೂಸುಗಳನ್ನು ತಾಯಂದಿರ ಸಮೇತ, ಸಾಲಾಗಿ ನಿಲ್ಲಿಸಿದ್ದಳು. ಅಜ್ಜಿ ಸಾಲಿನಿಂದ ಒಂದನ್ನು ಎಳೆದಳು.

“ಇದು ನಂದು. ನನ್ನ ಕೈಯಾಗ ಬಂದಿದ್ದು.”

“ಕಾಲ ಮುಂದಾಗಿ ಬಂದಿತ್ತು. ನೀ ಕೈ ಚೆಲ್ಲಿದ ಮ್ಯಾಲ ನಾ ತಗದೀನಿ.”

“ಕಾಲ ನಾ ತಗದೆ. ತಲಿ ನೀ ತಗದಿ.”

ಆ ಹುಡುಗಿ ಇಬ್ಬರ ಪರವಾಗಿ ಎರಡು ಮುಷ್ಟಿ ಹಾಕುವುದೆಂದು ರಾಜಿಯಾಯಿತು. ಉಳಿದ ಮಕ್ಕಳೂ, ಅಜ್ಜಿಯ ಕೈಯವು, ನಮಗೇಕೆ ಇಲ್ಲ ಎಂದು ಅಳತೊಡಗಿ, ಕೊನೆಗೆ ಓಣಿಯ ಎಲ್ಲ ಮಕ್ಕಳೂ ಸಾಲಿಗೆ ಬಂದವು. ಒಂದೂ ಕೆಳಗಿಳಿಯುವ ಮಾತಾಡಲಿಲ್ಲ.

ಹನ್ನೆರಡಾಯಿತು. ನೀರು ಬರಲಿಲ್ಲ. ಹನ್ನೆರಡೂವರೆ. ಕುಣಿ ನಾಲ್ಕಡಿ. ಗುದ್ದಲಿಯವರು ಸಾಕೆಂದು ಹತ್ತಿ ಕುಳಿತರು. ಅಜ್ಜಿಯ ಶಾಸ್ತ್ರ ಇನ್ನರ್ಧ ತಾಸಿಗೆ ಮುಗಿಯುತ್ತದೆ, ಆಮೇಲೆ ನಾನು ಏನು ಹೂಳಿಸಲಿ? ನನ್ನನ್ನೇ ಹೂಳಲು ಜನ ಸಿದ್ಧರಿದ್ದರು.

ನಾನು ಘಟ್ಟದ ಕಡೆಯೇ ನೋಡುತ್ತಿದ್ದೆ. ನೀರು ಘಟ್ಟದಿಂದ ಬರಲಿಲ್ಲ. ಹೊಳೆ ಹಳ್ಳದೊಳಕ್ಕೆ ಹಿಮ್ಮೆಟ್ಟಿ, ಓಣಿಯ ಬೆನ್ನಿನಿಂದ, ಹಿತ್ತಲ ಬೇಲಿಗಳ ಮೂಲಕ ಒಳಗೆ ಬಂತು. ಸದ್ದಿರಲಿಲ್ಲ. ಓಣಿಯ ನಡುವೆ ಒಂದು ಕಂದು ಪಟ್ಟೆ ಕಂಡಿತು. ನೋಡುತ್ತಿದ್ದಂತೆ ಅದು ಅಗಲವಾಯಿತು, ಆಮೇಲೆ ಓಣಿಯೇ ಕಾಣಲಿಲ್ಲ. ಮೊದಲ ಗೋಡೆ ಕುಸಿದಾಗ ದಪ್ಪನೆಯ ಸದ್ದು ದಿನ್ನೆಯವರೆಗೆ ಬಂತು. ಕುಣಿಯೊಳಗೆ ನೀರೆತ್ತುತ್ತಿದ್ದವನು “ಏನಾತ್ರೀ?” ಎಂದು ಕೇಳಿದ.

ಹೆಂಗಸರು ತಮ್ಮ ತಮ್ಮ ಮನೆ ಬೀಳುವುದನ್ನು ಹೆಸರು ಹಿಡಿದು ಹೇಳಿಕೊಂಡು ಅತ್ತರು. ಅಜ್ಜಿ ಅಳಲಿಲ್ಲ. ಕಾಲುದಾರಿಯಲ್ಲಿ ಕುಳಿತಲ್ಲೇ ಕೆಳಗೆ ನೋಡುತ್ತಿದ್ದಳು. ನನ್ನ ಹೆಂಡತಿ ಹೋಗಿ ಅವಳ ಪಕ್ಕ, ಅದೇ ಕೆಸರಿನಲ್ಲಿ, ಕುಳಿತಳು.

ಅರ್ಧ ತಾಸಿನ ಮೇಲೆ ಜಾಲಿಗಿಡಗಳ ನಡುವಿನಿಂದ ಕೊಪ್ಪರಿಗೆ ಬಂತು, ತಿರುಗುತ್ತ, ತಡೆಯುತ್ತ, ಮತ್ತೆ ತಿರುಗುತ್ತ. ಅದರಲ್ಲಿ ಅಂಬಿಗ, ಎರಡು ಆಡು, ಅವನ ಮನೆಯ ಬಾಗಿಲು, ಮತ್ತು ಗಂಟೆ ಕೇಳಿಸದ ಒಬ್ಬ ಕಿವುಡ ಮುದುಕ. ದಿನ್ನೆಯ ಬುಡಕ್ಕೆ ತಾಗಿಸಿ, ಮುದುಕನನ್ನು ಹೆಗಲ ಮೇಲೆ ಹಾಕಿಕೊಂಡು ಹತ್ತಿದ. ತಾಯಿ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು, ಇನ್ನೊಂದು ಕೊಡಲು ಕೈ ಎತ್ತಿ ಹಾಗೇ ಅವನ ಅಂಗಿ ಹಿಡಿದುಕೊಂಡಳು.

ಅವನು ನೇರ ನನ್ನ ಹತ್ತಿರ ಬಂದ. ಬಯ್ಯುತ್ತಾನೆಂದು ನಿಂತಿದ್ದೆ. ಕುಣಿಯೊಳಗೆ ಬಗ್ಗಿ ನೋಡಿದ.

“ಎಷ್ಟಾಗ್ಯದ?”

“ನಾಲ್ಕು.”

“ಆರಡಿ ಅಂದಿದ್ರಲ್ಲ,” ಎಂದು ಸಲಿಕೆ ತೆಗೆದುಕೊಂಡು ಒಳಗೆ ಹಾರಿದ.

ಆರು ಅಡಿಯೇ ಆಯಿತು. ಕೋಲು ಹಿಡಿದು ನೋಡಿದೆ, ಯಾರೂ ನಗಲಿಲ್ಲ. ಚೀಲವನ್ನು ಹಸಿರು ಖಣದಲ್ಲಿ ಸುತ್ತಿ ಅಂಬಿಗ ಕೆಳಗಿಟ್ಟ. ನಾನು ಒಂದು ಸಣ್ಣ ಪ್ರಾರ್ಥನೆ ಹೇಳಿದೆ, ಯಾರಿಗಾಗಿ ಎಂದು ಸ್ಪಷ್ಟಪಡಿಸದೆ. ಮಕ್ಕಳು ಮುಷ್ಟಿ ಮಣ್ಣು ಹಾಕಿದವು. ಸತ್ತವಳು ಪ್ರತಿಯೊಂದರ ಮೂಗನ್ನೂ ಸೆರಗಿನಿಂದ ಒರೆಸಿ ಮುಂದಕ್ಕೆ ಕಳಿಸಿದಳು.

ಶನಿವಾರ, ಭಾನುವಾರ ಎಲ್ಲರೂ ಚರ್ಚಿನಲ್ಲೇ. ಗೌಡರ ಮನೆಯಿಂದ ಜೋಳದ ಹಿಟ್ಟು ಬಂತು, ಒಣ ಕಟ್ಟಿಗೆ ಬರಲಿಲ್ಲ. ಎರಡು ಬೆಂಚು ಒಡೆದು ಒಲೆಗೆ ಹಾಕಿದೆ. ನಡುವಿನ ಮಜಲಿನ ಬಾವಿಗಳಿಗೂ ಹೊಲಸು ನೀರು ಹೊಕ್ಕಿತ್ತು. ಊರಿಗೆಲ್ಲ ಉಳಿದದ್ದು ದಿನ್ನೆಯ ಬಾವಿಯೊಂದೇ. ಹೆಂಡತಿ ಅದಕ್ಕೆ ಪುಡಿ ಕದಡಿ ಹಾಕಿ, ವಾಸನೆ ಬಂದರೂ ಅದನ್ನೇ ಕುಡಿಯಬೇಕೆಂದು ಹುಕುಂ ಹೊರಡಿಸಿದಳು. ಭಾನುವಾರ ಗಂಟೆ ಬಾರಿಸಲು ಹೋದರೆ ಅಂಬಿಗ ಅಡ್ಡ ಬಂದ: “ಬ್ಯಾಡ್ರಿ ಸಾಹೇಬ್ರ. ಎಲ್ಲಾರೂ ಇಲ್ಲೇ ಅದೀವಿ. ಇನ್ನ ಯಾರನ್ನ ಕೊಲ್ತೀರಿ?” ಅಂದು ರಾತ್ರಿಯೊಳಗೆ ಬಸುರಿಯರಲ್ಲಿ ಒಬ್ಬಳು ಹೆತ್ತಳು. ಕತ್ತರಿಯನ್ನು ಅಜ್ಜಿಯೇ ಕುದಿಸಿದಳಂತೆ. ಇದನ್ನು ಯಾರಿಗೂ ಹೇಳಬಾರದೆಂದು ನನ್ನ ಹೆಂಡತಿಗೆ ತಾಕೀತು ಮಾಡಿದ್ದಳು.

ಸೋಮವಾರ ಗಾಣಗಾಪುರದ ಕಡೆಯ ರಸ್ತೆ ತೆರೆದು, ಮೇಲ್ವಿಚಾರಕರು ಜೀಪಿನಲ್ಲಿ ಬಂದರು. ಸುದ್ದಿ ಅವರಿಗೆ ದಾರಿಯಲ್ಲೇ ಸಿಕ್ಕಿತ್ತು. ಒಳ್ಳೆಯ ಮನುಷ್ಯರು, ಕಟ್ಟಳೆಯ ಮನುಷ್ಯರು. ಚೀಲದ ಸಮಾಧಿಯ ಮುಂದೆ ಬಹಳ ಹೊತ್ತು ನಿಂತು, “ದೇವರ ಮನೆಯ ಗಂಟೆಯಿಂದ ಸುಳ್ಳು ಸಾವು ಬಾರಿಸಿದ್ದೀರಿ. ಎರಡು ಬೆಂಚು. ಅಪ್ಪಣೆ ಮೀರಿ ಉಳಿದದ್ದು. ವಿಷಾದ ಸೂಚಿಸಿ ಬರೆದುಕೊಡಿ,” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಸೂಲಗಿತ್ತಿ ಅಜ್ಜಿ ಎದ್ದು ಬಂದಳು.

“ಯಪ್ಪಾ, ಸತ್ತಾಕಿ ನಮ್ಮಾಕಿ. ಮಣ್ಣ ಕೊಟ್ಟವ್ರು ನಾವು. ನಿನ್ನ ತಕರಾರೇನದ?”

ಅವರು ನನ್ನ ಕಡೆ ನೋಡಿದರು. ನಾನು ಕುಳಿತು ಬರೆದೆ. ಗಂಟೆ ಬಾರಿಸಿದ್ದು ನಿಜ. ಪೆಟ್ಟು ಅರವತ್ತೆರಡು, ಒಂದೂ ತಪ್ಪಿಲ್ಲ. ಬೆಂಚು ಎರಡಲ್ಲ, ಮೂರು. ಮೂರನೆಯದು ಇಂದು ಬೆಳಿಗ್ಗೆ. ವಿಷಾದವಿಲ್ಲ. ನೀರು ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಬಾರಿಸುತ್ತೇನೆ. ಹೆಂಡತಿ ಓದಿ, ಕೆಳಗೆ ‘ಒಪ್ಪಿದೆ’ ಎಂದು ಸಹಿ ಹಾಕಿದಳು.

ಮುಂದಿನ ತಿಂಗಳು ನಮ್ಮನ್ನು ಜೇವರ್ಗಿ ತಾಲ್ಲೂಕಿಗೆ, ಹೊಳೆಯಿಲ್ಲದ ಊರಿಗೆ ವರ್ಗ ಮಾಡಿದರು. ಕೆಳಗಿನ ಓಣಿಯ ಮೂವತ್ತೆರಡು ಮನೆಗಳಲ್ಲಿ ಇಪ್ಪತ್ತೊಂಬತ್ತು ಬಿದ್ದವು. ಜನ ನೂರ ನಲವತ್ತೊಂದು ಇದ್ದರು. ನೂರ ನಲವತ್ತೊಂದೂ ಉಳಿದರು.